ಒಂದು ಟೋಕನ್, ಎರಡು ಹರ್ನಿಯಾ

ಗುಬ್ಬಿಯ ರೇವಣಸಿದ್ದಯ್ಯ ಹಿಟ್ಟು ತಿರುವುವುದರಲ್ಲಿ ಎತ್ತಿದ ಕೈ. ಮದುವೆಯಿರಲಿ, ಗೃಹಪ್ರವೇಶವಿರಲಿ, ಮಠದ ದಾಸೋಹವಿರಲಿ, ಸಾವಿರ ಎಲೆ ಬೀಳುವ ಕಡೆ ರಾಗಿ ಮುದ್ದೆಗೆ ಅವನೇ ಬರಬೇಕೆಂದು ತುಮಕೂರಿನಿಂದ ಕುಣಿಗಲ್‌ವರೆಗೆ ಜನ ಹೇಳಿ ಕಳಿಸುತ್ತಿದ್ದರು. ಆಳೆತ್ತರದ ಕೋಲನ್ನು ಕೊಪ್ಪರಿಗೆಗೆ ಇಳಿಸಿ, ಮೇಲಿನ ತುದಿಯನ್ನು ಹೊಟ್ಟೆಯ ಬುಡಕ್ಕೆ ಆನಿಸಿಕೊಂಡು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಅವನು ತಿರುವಿದನೆಂದರೆ ಹಿಟ್ಟಿನಲ್ಲಿ ಸಾಸಿವೆಕಾಳಿನಷ್ಟು ಗಂಟೂ ಉಳಿಯುತ್ತಿರಲಿಲ್ಲ. "ಮಿಕ್ಕೋರು ಕೈಯಲ್ಲಿ ತಿರುವ್ತಾರೆ, ರೇವಣಸಿದ್ದಯ್ಯ ಹೊಟ್ಟೇಲಿ ತಿರುವ್ತಾನೆ" ಎಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿದ್ದ. ಬೇರೆಯವರು ಹೇಳಲಿ ಎಂದು ಕಾಯುವಷ್ಟು ತಾಳ್ಮೆ ಅವನಿಗಿರಲಿಲ್ಲ.

ಅಂಥವನಿಗೆ ಎರಡು ವರ್ಷದ ಹಿಂದೆ ಬಲಗಡೆಯ ತೊಡೆಸಂದಿಯಲ್ಲಿ ಒಂದು ಉಬ್ಬು ಕಾಣಿಸಿಕೊಂಡಿತು. ಮೊದಲು ನಿಂಬೆಹಣ್ಣಿನಷ್ಟಿತ್ತು. ಮಲಗಿದರೆ ಮಾಯ, ಎದ್ದು ನಿಂತರೆ ಹಾಜರ್, ಕೆಮ್ಮಿದರೆ ಯಾರು ಕರೆದದ್ದು ಎಂಬಂತೆ ಇಣುಕುತ್ತಿತ್ತು. ವರ್ಷ ತುಂಬುವುದರೊಳಗೆ ನಿಂಬೆಹಣ್ಣು ಮೂಸಂಬಿಯಾಯಿತು. ಹೇಳಿಕೊಳ್ಳೋಣವೆಂದರೆ ಜಾಗ ಹೇಳಿಕೊಳ್ಳುವಂಥದ್ದಲ್ಲ. ಅದಕ್ಕಿಂತ ದೊಡ್ಡ ಭಯವೆಂದರೆ, ರೇವಣಸಿದ್ದಯ್ಯನ ಹೊಟ್ಟೆ ಸಡಿಲವಾಯಿತಂತೆ ಎಂಬ ಸುದ್ದಿ ಹಬ್ಬಿದರೆ ಕೋಲು ಬೇರೆಯವನ ಕೈ ಸೇರುತ್ತದೆ. ಅರವತ್ತೊಂದು ವರ್ಷದ ಗಂಡಸಿಗೆ ಆ ಕೋಲು ಬಿಟ್ಟರೆ ಊರಿನಲ್ಲಿ ಬೇರೆ ಹೆಸರಿರಲಿಲ್ಲ.

ಆದ್ದರಿಂದ ಅವನು ತನ್ನ ವೈದ್ಯವನ್ನು ತಾನೇ ಮಾಡಿಕೊಂಡ. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಔಷಧಿ ಎಲ್ಲಿ ಸಿಗುತ್ತದೆಂದು ಹೇಳಿಕೊಡಬೇಕೆ? ಒಂದು ಒಳ್ಳೆಯ ಕರಟವನ್ನು ಆರಿಸಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ, ಹಳೆಯ ಬನಿಯನ್ನಿನ ಬಟ್ಟೆ ಸುತ್ತಿದ. ಅದನ್ನು ಉಬ್ಬಿನ ಮೇಲೆ ಬೋರಲು ಹಾಕಿ, ಬೆಳ್ಳಿಯ ಉಡಿದಾರಕ್ಕೆ ಲಾಡಿಯಿಂದ ಬಿಗಿದ. ಉಬ್ಬು ಒಳಗೆ ಕುಳಿತಿತು. ತುಮಕೂರಿನ ದೊಡ್ಡ ದೊಡ್ಡ ಡಾಕ್ಟರುಗಳಿಗೂ ಹೊಳೆಯದ ಉಪಾಯ ಇದು ಎಂದು ಬೀಗುತ್ತಾ ಎರಡು ವರ್ಷ ಹಾಗೆಯೇ ಹಿಟ್ಟು ತಿರುವಿದ.

ಆದರೆ ಕರಟಕ್ಕೆ ಗುಟ್ಟು ಕಾಯುವ ಬುದ್ಧಿ ಎಲ್ಲಿಂದ ಬರಬೇಕು? ಗುಬ್ಬಿಯಲ್ಲೇ ಒಂದು ಗೃಹಪ್ರವೇಶ. ಕೊಪ್ಪರಿಗೆ ಕುದಿಯುತ್ತಿತ್ತು. ಹದಿನೈದು ವರ್ಷದಿಂದ ಕವೆಗೋಲು ಹಾಕಿ ಕೊಪ್ಪರಿಗೆ ಅಲ್ಲಾಡದಂತೆ ಹಿಡಿಯುವ ಶಿವಮೂರ್ತಿ ಎದುರಿಗೇ ಕೂತಿದ್ದ. ರೇವಣಸಿದ್ದಯ್ಯ ಉಸಿರು ಕಟ್ಟಿ ಕೋಲಿಗೆ ಭಾರ ಕೊಟ್ಟ ಕ್ಷಣದಲ್ಲಿ ಲಾಡಿ ಬಿಚ್ಚಿಕೊಂಡಿತು. ಪಂಚೆಯೊಳಗಿಂದ ಜಾರಿದ ಕರಟ ಅಡುಗೆಮನೆಯ ಹೊಸ ಟೈಲ್ಸಿನ ಮೇಲೆ ಗಿರ್ರನೆ ಸುತ್ತಿ ಶಿವಮೂರ್ತಿಯ ಕಾಲ ಬಳಿ ಹೋಗಿ ನಿಂತಿತು.

"ಯಜಮಾನ್ರೇ, ನಿಮ್ದೇನೋ ಬಿತ್ತು ನೋಡಿ."

"ಸಾರಿಗೆ ಕಾಯಿ ತುರಿದಿದ್ದು ಕಣ್ಲಾ. ಬಿಸಾಕು ಅತ್ಲಾಗೆ."

ಶಿವಮೂರ್ತಿ ಅದನ್ನು ಎತ್ತಿ, ತಿರುಗಿಸಿ ನೋಡಿದ. "ಲಾಡಿ ಐತಲ್ಲ ಇದ್ಕೆ?"

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಹೆಂಡತಿ ಕರಿಬಸಮ್ಮ ಕರಟವನ್ನೂ ನೋಡಿದಳು, ಒಂದು ಕೈಯಲ್ಲಿ ಪಂಚೆ ಒತ್ತಿ ಹಿಡಿದು ಬಗ್ಗಿ ನಿಂತ ಗಂಡನನ್ನೂ ನೋಡಿದಳು. ಶಿವಮೂರ್ತಿಯ ಕೈಯಿಂದ ಕರಟವನ್ನು ಇಸಕೊಂಡು ಮಡಿಲಿಗೆ ಹಾಕಿಕೊಂಡಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಅರ್ಧ ಗಂಟೆಯಲ್ಲಿ ಎರಡು ವರ್ಷದ ಕಥೆಯನ್ನು ಹೊರಡಿಸಿದಳು.

"ಡಾಕ್ಟ್ರ ತಾವ ಹೋಗಾಣ."

"ಭಾನುವಾರ ಕಳೀಲಿ ಕಣೇ."

ಭಾನುವಾರವೆಂದರೆ ಸಾಮಾನ್ಯ ಭಾನುವಾರವಲ್ಲ. ಅಮೃತೂರಿನ ಕಡೆಯ ಒಂದು ಮಠದ ಪಾರುಪತ್ಯಗಾರ ಗುಂಡಯ್ಯ ಖುದ್ದಾಗಿ ಬಂದು ಹೇಳಿಹೋಗಿದ್ದ. ಎರಡು ಸಾವಿರ ಜನಕ್ಕೆ ಮುದ್ದೆ, ಅವರೆಕಾಳಿನ ಸಾರು. ಇದೊಂದು ಸಲೀಸಾಗಿ ನಡೆದರೆ ಮಠದ ಎಲ್ಲ ದಾಸೋಹಕ್ಕೂ ಇನ್ನು ಮುಂದೆ ರೇವಣಸಿದ್ದಯ್ಯನದೇ ಕೋಲು. ಇಂಥ ಹೊತ್ತಿನಲ್ಲಿ ಡಾಕ್ಟರ ಹತ್ತಿರ ಹೋಗುವುದೆಂದರೆ ಮದುವೆಯ ದಿನ ಜಾತಕ ತೋರಿಸಲು ಹೋದಂತೆ. ಆದರೆ ಕರಿಬಸಮ್ಮ ಹಟಕ್ಕೆ ಬಿದ್ದಳು. ಕೊನೆಗೆ ಎರಡು ಷರತ್ತಿನ ಮೇಲೆ ಅವನು ಒಪ್ಪಿದ. ಗುಬ್ಬಿಯ ಡಾಕ್ಟರು ಬೇಡ, ತುಮಕೂರಿಗೆ ಹೋಗುವುದು. ತುಮಕೂರಿನದೇ ಸದಾಶಿವನಗರದಲ್ಲಿರುವ ಮಗಳು ದೀಪಿಕಾಗೆ ಹೇಳುವಂತಿಲ್ಲ, ಯಾಕೆಂದರೆ ಮಗಳಿಗೆ ಗೊತ್ತಾದರೆ ಅಳಿಯನಿಗೂ ಗೊತ್ತಾಗುತ್ತದೆ.

ಮಂಗಳವಾರ ಬೆಳಿಗ್ಗೆ ಇಬ್ಬರೂ ಬಟವಾಡಿಯಲ್ಲಿ ಇಳಿದರು. ಹೈವೇ ಪಕ್ಕದ ಮೊದಲ ಮಹಡಿಯಲ್ಲಿ ಕ್ಲಿನಿಕ್. "ನೀನು ಮೇಲೋಗಿ ಚೀಟಿ ಮಾಡ್ಸು, ಕರೆದಾಗ ಬತ್ತೀನಿ" ಎಂದು ಹೆಂಡತಿಯನ್ನು ಕಳಿಸಿ, ರೇವಣಸಿದ್ದಯ್ಯ ಟೀ ಅಂಗಡಿಯ ಕಂಬದ ಮರೆಯಲ್ಲಿ ಯಾರಿಗೂ ಕಾಣದಂತೆ ನಿಂತ. ಬೆಂಗಳೂರಿನಿಂದ ಗುಬ್ಬಿಗೆ ಹೋಗುವ ಬಸ್ಸು ಸರಿಯಾಗಿ ಅವನ ಮುಂದೆಯೇ ಬಂದು ನಿಂತಿತು. "ಹಿಟ್ಟಿನ ಸ್ವಾಮ್ಯೋರೇ, ಬನ್ನಿ ಬನ್ನಿ, ಸೀಟೈತೆ!" ಎಂದು ಕಂಡಕ್ಟರ್ ಕೂಗಿದ. ಇಡೀ ಬಸ್ಸು ಇವನ ಕಡೆ ತಿರುಗಿ ನೋಡಿತು.

ಅಷ್ಟರಲ್ಲಿ ಮೇಲೆ ನಡೆದದ್ದು ಅವನಿಗೆ ಆಮೇಲೆ ತಿಳಿಯಿತು. ಚೀಟಿ ಬರೆಯುವ ಹುಡುಗಿ ಹರ್ಷಿತಾ ಒಂದು ಕಿವಿಗೆ ಫೋನ್ ಸಿಕ್ಕಿಸಿಕೊಂಡು, "ಪೇಷಂಟ್ ಹೆಸ್ರೇನಮ್ಮ?" ಎಂದಳು.

"ಅದನ್ನ ನಾನು ಹೆಂಗವ್ವಾ ಹೇಳ್ಲಿ?"

ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಕರಿಬಸಮ್ಮ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೆಂಡತಿ ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ಅವಳ ಅತ್ತೆ ಹೇಳಿದ್ದಳು. ಆಸ್ಪತ್ರೆಗೆ ಬಂದು ಆಯಸ್ಸು ಕಡಿಮೆ ಮಾಡುವುದುಂಟೆ? ಹರ್ಷಿತಾಗೆ ಇದನ್ನೆಲ್ಲ ವಿಚಾರಿಸುವ ಪುರಸೊತ್ತಿರಲಿಲ್ಲ. ಹಿಂದೆ ನಾಲ್ಕು ಜನ ನಿಂತಿದ್ದರು. "ಸರಿ, ನಿಮ್ಮ ಹೆಸ್ರು ಹೇಳಿ" ಎಂದಳು. ರೇಷನ್ ಕಾರ್ಡಿನಲ್ಲೂ ತನ್ನ ಹೆಸರೇ ಮೊದಲಿರುವುದರಿಂದ ಕರಿಬಸಮ್ಮನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಚೀಟಿಯಲ್ಲಿ ಹೀಗೆ ದಾಖಲಾಯಿತು: ಕರಿಬಸಮ್ಮ, ಐವತ್ತೆಂಟು ವರ್ಷ, ತೊಡೆಸಂದಿಯಲ್ಲಿ ಊತ.

ಕರೆ ಬಂದಾಗ ರೇವಣಸಿದ್ದಯ್ಯ ಮೆಟ್ಟಿಲು ಹತ್ತಿ ಒಳಗೆ ಹೋದ. ಹೋದವನೇ ಬಾಗಿಲಲ್ಲಿ ನಿಂತುಬಿಟ್ಟ. ಸರ್ಜನ್ ಕುರ್ಚಿಯಲ್ಲಿ ಕೂತಿದ್ದವರು ಅವನ ಮಗಳ ವಯಸ್ಸಿನ ಡಾಕ್ಟರ್ ಭೂಮಿಕಾ. ಈ ಹುಡುಗಿಯ ಮುಂದೆ ಪಂಚೆ ಸಡಿಲಿಸುವುದಕ್ಕಿಂತ ಕೊಪ್ಪರಿಗೆಗೆ ಹಾರುವುದು ವಾಸಿ ಎನಿಸಿತು.

ಡಾಕ್ಟರು ಚೀಟಿ ನೋಡಿ ಕರಿಬಸಮ್ಮನ ಕಡೆಗೇ ತಿರುಗಿದರು. "ಹೇಳಿಯಮ್ಮ, ಯಾವಾಗ ಊದುತ್ತೆ?"

"ಭಾರ ಎತ್ತಿದ್ರೆ, ಕೆಮ್ಮಿದ್ರೆ. ಮನೀಕಂಡ್ರೆ ಹೊಂಟೋಯ್ತದೆ. ಕರಟ ಕಟ್ಕಂಡು ಕಟ್ಕಂಡು ಎರಡು ವರ್ಷ ತಳ್ಳಿರೋದು."

"ಕರಟಾನಾ?"

"ತೆಂಗಿನಕಾಯಿ ಕರಟ. ಬನೀನು ಬಟ್ಟೆ ಸುತ್ತಿ."

ಹೆಸರು ಹೇಳಬಾರದೆಂಬ ನೇಮಕ್ಕೆ ಯಾರಿಗೆ, ಯಾರದು ಎಂಬುದನ್ನೆಲ್ಲ ಬಿಟ್ಟು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವುದು ಕರಿಬಸಮ್ಮನಿಗೆ ಅಭ್ಯಾಸವಾಗಿತ್ತು. ಡಾಕ್ಟರು ಅವಳನ್ನೇ ರೋಗಿ ಎಂದುಕೊಂಡದ್ದು ರೇವಣಸಿದ್ದಯ್ಯನಿಗೆ ಆ ಕ್ಷಣವೇ ಗೊತ್ತಾಯಿತು. ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡ. ನೋಡುವುದು ಅವಳನ್ನು, ಬರೆದುಕೊಡುವ ಮಾತ್ರೆ ನನಗೆ. ಆ ಮನುಷ್ಯನ ಧೈರ್ಯ ಅಷ್ಟೇ ಇತ್ತು.

"ಬನ್ನಿ, ಮಲಗಿ, ನೋಡ್ತೀನಿ" ಎಂದರು ಡಾಕ್ಟರು. ಕರಿಬಸಮ್ಮ ಗಾಬರಿಯಿಂದ ಗಂಡನ ಮುಖ ನೋಡಿದಳು. ಅವನು ಗೋಡೆಯ ಮೇಲಿನ ಹೊಟ್ಟೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ಓದತೊಡಗಿದ. ಪರದೆ ಎಳೆದ ಸದ್ದಾಯಿತು.

"ಒಂದ್ಸಲ ಕೆಮ್ಮಿ."

ಪರದೆಯ ಈಚೆ ಕೂತಿದ್ದ ರೇವಣಸಿದ್ದಯ್ಯ ಜೋರಾಗಿ ಕೆಮ್ಮಿದ.

"ನೀವಲ್ಲ ಸ್ವಾಮಿ."

ಒಳಗೆ ಸಣ್ಣ ಕೆಮ್ಮು ಕೇಳಿಸಿತು. ಇಲ್ಲದ್ದನ್ನು ಎಲ್ಲಿಂದ ಹುಡುಕುತ್ತಾಳೆ ಪಾಪ ಎಂದು ಅವನು ಮನಸ್ಸಿನಲ್ಲೇ ನಕ್ಕ.

"ಇಲ್ಲಿದೆ" ಎಂದರು ಡಾಕ್ಟರು. "ಇದು ಎಷ್ಟು ವರ್ಷದಿಂದ ಇದೆ? ಎರಡು ವರ್ಷ ಅಲ್ಲ ಅನ್ಸುತ್ತೆ. ನಿಜ ಹೇಳಿ."

ಕರಿಬಸಮ್ಮನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವನು ಮುಂದಕ್ಕೆ ಬಾಗಬೇಕಾಯಿತು.

"ನಾಕು ವರ್ಷ."

"ಒತ್ತಿದ್ರೆ ನೋವಿದ್ಯಾ?"

"ಈಚೆಗೆ ಐತೆ. ಒಂದೊಂದ್ ದಿನ ಒಳಕ್ಕೆ ಹೋಗಾದೇ ಇಲ್ಲ. ಸೀರೆ ಗಂಟು ಬಿಗಿಯಾಗಿ ಕಟ್ಕಂಡು ಕೆಲ್ಸ ಮಾಡ್ಬುಡ್ತೀನಿ."

ಹೆಂಡತಿ ಸುಳ್ಳು ಹೇಳುವುದರಲ್ಲಿ ಇಷ್ಟು ಜಾಣೆ ಎಂದು ಮೊದಲು ಅವನಿಗೆ ಆಶ್ಚರ್ಯವಾಯಿತು. ಆಮೇಲೆ ಅದು ಸುಳ್ಳಲ್ಲವೆಂದು ಗೊತ್ತಾಯಿತು. ಗೋಡೆಯ ಮೇಲಿನ ಚಿತ್ರ ಮಸುಕಾಯಿತು.

ಡಾಕ್ಟರು ಹೊರಗೆ ಬಂದು ಕೂತರು. "ಹೊಟ್ಟೆಯ ಗೋಡೆ ಅಂದ್ರೆ ಒಂದು ಗೋಣಿಚೀಲ ಅಂದ್ಕೊಳ್ಳಿ. ಎಲ್ಲಿ ಹೊಲಿಗೆ ಸಡಿಲವಾಗುತ್ತೋ ಅಲ್ಲಿಂದ ಒಳಗಿನ ಸಾಮಾನು ಹೊರಗೆ ಇಣುಕುತ್ತೆ. ಅದೇ ಹರ್ನಿಯಾ. ಕೆಲವರಿಗೆ ಹೊಕ್ಕಳಲ್ಲಿ ಬರುತ್ತೆ, ಕೆಲವರಿಗೆ ಹಳೇ ಆಪರೇಷನ್ ಗಾಯದ ಮೇಲೆ, ಬಹಳ ಜನ ಗಂಡಸರಿಗೆ ತೊಡೆಸಂದಿಯ ಗೆರೆಯ ಮೇಲ್ಗಡೆ. ಇವ್ರಿಗೆ ಬಂದಿರೋದು ಗೆರೆಯ ಕೆಳಗಡೆ, ತೊಡೆ ಶುರುವಾಗೋ ಕಡೆ. ಈ ಥರದ್ದು ಹೆಂಗಸರಿಗೇ ಜಾಸ್ತಿ. ಇದರ ಬಾಯಿ ತುಂಬಾ ಕಿರಿದು. ಕರುಳು ಹೋಗಿ ಸಿಕ್ಕಿಹಾಕ್ಕೊಂಡ್ರೆ ರಕ್ತ ನಿಂತು ಕೊಳೆಯೋಕೆ ಶುರುವಾಗುತ್ತೆ. ಆಮೇಲೆ ಜೀವಕ್ಕೇ ಅಪಾಯ. ನಾಲ್ಕು ವರ್ಷ ಏನೂ ಆಗದೆ ಇದ್ದದ್ದು ನಿಮ್ಮ ಪುಣ್ಯ. ಗುರುವಾರ ಆಸ್ಪತ್ರೆಗೆ ಸೇರಿಸ್ಕೊಂಡು ಆಪರೇಷನ್ ಮಾಡ್ತೀನಿ."

ಕರಿಬಸಮ್ಮ ಪರದೆಯಾಚೆಯಿಂದ ಸೆರಗು ಸರಿಮಾಡಿಕೊಳ್ಳುತ್ತಾ ಬಂದಳು. "ನಂದು ಇರ್ಲಿ ಬುಡವ್ವಾ. ನಾನು ಹೇಳಿದ್ದು ಇವ್ರದ್ದು."

"ಇವ್ರದ್ದು ಅಂದ್ರೆ?"

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ರೇವಣಸಿದ್ದಯ್ಯ ಎದ್ದು ನಿಂತು, ಡಾಕ್ಟರ ಮುಖ ನೋಡದೆ, ಜುಬ್ಬದ ಜೇಬಿನಿಂದ ಕರಟವನ್ನು ತೆಗೆದು ಮೇಜಿನ ಮೇಲಿಟ್ಟ.

ಡಾಕ್ಟರು ಅದನ್ನು ನೋಡಿದರು, ಅವನನ್ನು ನೋಡಿದರು, ಚೀಟಿಯನ್ನು ನೋಡಿದರು. ತುಟಿ ಕಚ್ಚಿ ನಗು ತಡೆದುಕೊಂಡರು. "ಒಂದೇ ಟೋಕನ್ನಲ್ಲಿ ಗಂಡ ಹೆಂಡ್ತಿ ಇಬ್ರದ್ದೂನಾ? ಬನ್ನಿ, ನಿಮ್ಮದೂ ನೋಡೋಣ."

ಕೊಪ್ಪರಿಗೆಗೆ ಹಾರುವಷ್ಟು ಕಷ್ಟವೇನೂ ಆಗಲಿಲ್ಲ. ಕೋಲು, ಕೊಪ್ಪರಿಗೆಯ ಕಥೆ ಕೇಳಿಕೊಳ್ಳುತ್ತಾ ಡಾಕ್ಟರು ಎರಡು ನಿಮಿಷದಲ್ಲಿ ಮುಗಿಸಿದರು. ಅವನದು ಗೆರೆಯ ಮೇಲಿನ ಜಾತಿ, ಬಾಯಿ ಅಗಲ, ಸದ್ಯಕ್ಕೆ ಸರಾಗವಾಗಿ ಹೋಗಿಬಂದು ಮಾಡುತ್ತಿತ್ತು.

"ಮಾತ್ರೆ ಏನಾದ್ರೂ..." ಎಂದ.

"ಹರಿದ ಚೀಲಕ್ಕೆ ಮಾತ್ರೆ ತಿನ್ನಿಸ್ತೀರಾ? ಹೊಲೀಬೇಕು. ಕರುಳನ್ನ ಒಳಗೆ ತಳ್ಳಿ, ಜಾಗಕ್ಕೆ ಒಂದು ಮೆಶ್ ಇಟ್ಟು ಹೊಲೀತೀವಿ."

"ಸೊಳ್ಳೆ ಪರದೆ ಥರದ್ದಾ?"

"ಹೂಂ, ಅದೇ ಥರ ಬಲೆ. ಮತ್ತೆ ಈ ಕರಟ ಇಲ್ಲೇ ಇರಲಿ. ಕರುಳು ಹೊರಗೆ ಇದ್ದಾಗ ಇದನ್ನ ಒತ್ತಿ ಕಟ್ಟಿದ್ರೆ ಜಜ್ಜಿಹೋಗುತ್ತೆ. ಇವ್ರದ್ದು ಮೊದಲು. ನಿಮ್ಮದು ಮುಂದಿನ ವಾರ. ಅಲ್ಲಿವರೆಗೂ ಭಾರ ಎತ್ತಂಗಿಲ್ಲ, ಕೋಲು ಮುಟ್ಟಂಗಿಲ್ಲ."

"ಭಾನುವಾರ ಒಂದಿನ ಮಾತ್ರ..."

"ಒಂದ್ ಗಂಟೇನೂ ಇಲ್ಲ."

ರೇವಣಸಿದ್ದಯ್ಯ ತಲೆಯಾಡಿಸಿದ. ಮನಸ್ಸಿನಲ್ಲಿ ಮಾತ್ರ ಭಾನುವಾರ ಇದ್ದಲ್ಲೇ ಇತ್ತು. ಗುರುವಾರ ಆಪರೇಷನ್ ಮುಗಿಯುತ್ತದೆ, ಶನಿವಾರದ ಹೊತ್ತಿಗೆ ಹೆಂಡತಿ ಸುಧಾರಿಸಿಕೊಂಡಿರುತ್ತಾಳೆ, ಮಗಳು ಆಸ್ಪತ್ರೆಯಲ್ಲಿರುತ್ತಾಳೆ, ತಾನು ಬೆಳಗಿನ ಬಸ್ಸಿಗೆ ಅಮೃತೂರಿಗೆ ಹೋಗಿ ಎರಡು ಕೊಪ್ಪರಿಗೆ ತಿರುವಿ ಬಂದರೆ ಯಾರಿಗೆ ಗೊತ್ತಾಗುತ್ತದೆ? ತೆಂಗಿನ ಸೀಮೆಯಲ್ಲಿ ಇನ್ನೊಂದು ಕರಟಕ್ಕೆ ಬರವೇ?

ದೀಪಿಕಾಗೆ ಹೇಳದೆ ವಿಧಿಯಿರಲಿಲ್ಲ. ಅವಳು ಇಬ್ಬರಿಗೂ ಚೆನ್ನಾಗಿ ಬೈದು ಸದಾಶಿವನಗರದ ಮನೆಗೆ ಕರೆದೊಯ್ದಳು. ಅಳಿಯ ಬಾಗಿಲಲ್ಲಿ ಮಾವನ ಕೈಯಿಂದ ಬ್ಯಾಗು ಇಸಕೊಂಡು, "ನೀವು ಎತ್ಬೇಡಿ ಮಾವ" ಎಂದಷ್ಟೇ ಹೇಳಿದ. ರೇವಣಸಿದ್ದಯ್ಯನಿಗೆ ಅದಕ್ಕಿಂತ ಬೈಗುಳವೇ ಹಿತವಾಗಿತ್ತು.

ಗುರುವಾರ ಕರಿಬಸಮ್ಮನ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಅವಳು ಉದ್ದಕ್ಕೂ ಎಚ್ಚರವಾಗಿದ್ದು, ಡಾಕ್ಟರಿಗೆ ಅವರೆಕಾಳಿನ ಸಾರಿಗೆ ಮಸಾಲೆ ಹುರಿಯುವ ಕ್ರಮ ಹೇಳಿಕೊಟ್ಟಳಂತೆ. ಶುಕ್ರವಾರ ಸಂಜೆ ವಾರ್ಡಿನಲ್ಲಿ ಅವಳಿಗೆ ಗಂಜಿ ಕುಡಿಸುತ್ತಾ ರೇವಣಸಿದ್ದಯ್ಯ ಕೇಳಿದ.

"ಅದು ಹೆಂಗ್ ಬಂತೇ ನಿಂಗೆ?"

"ಮಿಲ್ಲಿಂದ ಹಿಟ್ಟಿನ ಮೂಟೆ ಹೊತ್ಕಂಡು ಬರ್ತಿದ್ನಲ್ಲ, ಒಂದಿನ ಚಳಕ್ ಅಂತು. ಆವತ್ತಿಂದ."

"ಮೂಟೆ ನೀನ್ಯಾಕೆ ಹೊರಾಕೋದೆ?"

"ನೀವೇ ಅಂದಿದ್ರಲ್ಲ. ಭಾರ ಹೊತ್ರೆ ಕರುಳು ಇಳೀತದೆ, ಕೋಲು ಆನ್ಸೋ ಹೊಟ್ಟೆ ಜ್ವಾಪಾನ ಅಂತ. ನಿಮಗ್ ಬರ್ದೇ ಇರ್ಲಿ ಅಂತ ನಾನು ಹೊತ್ತೆ." ಅವಳು ಸ್ವಲ್ಪ ಹೊತ್ತು ಫ್ಯಾನು ತಿರುಗುವುದನ್ನು ನೋಡಿದಳು. "ಕೊನೀಗೆ ನಿಮಗೂ ಬಂತು. ಹೊತ್ತಿದ್ದೆಲ್ಲ ದಂಡ ಆಯ್ತು ನೋಡಿ."

ಹೇಳಿದವಳಿಗೇ ನಗು ಬಂತು. ನಕ್ಕಿದ್ದಕ್ಕೆ ಹೊಲಿಗೆ ಎಳೆದು, ಅಯ್ಯಯ್ಯಪ್ಪೋ ಎಂದು ಪಕ್ಕೆ ಹಿಡಿದುಕೊಂಡು ಮತ್ತೆ ನಕ್ಕಳು. ರೇವಣಸಿದ್ದಯ್ಯನಿಗೆ ನಗಲಾಗಲಿಲ್ಲ. ಇಷ್ಟು ವರ್ಷ ತನ್ನ ಹೊಟ್ಟೆಯ ಬಲದ ಮೇಲೆ ನಿಂತಿದೆ ಎಂದುಕೊಂಡಿದ್ದ ಹೆಸರು ಯಾರ ಹೊಟ್ಟೆಯ ಮೇಲೆ ನಿಂತಿತ್ತೆಂದು ಅವನಿಗೆ ಈಗ ಅರ್ಥವಾಯಿತು. ಅವನಿಗೆ ನಾಚಿಕೆಯಾಯಿತು. ಕರಟ ಬಿದ್ದಾಗ ಆದ ನಾಚಿಕೆ ಇದರ ಮುಂದೆ ಏನೇನೂ ಅಲ್ಲ.

ಶನಿವಾರ ಬೆಳಿಗ್ಗೆ ಅವನು ಗುಂಡಯ್ಯನಿಗೆ ಫೋನು ಮಾಡಿದ. ಅಮೃತೂರು ದೂರವಿರುವುದರಿಂದ ಜೋರಾಗಿ ಮಾತಾಡಬೇಕೆಂಬುದು ಅವನ ನಂಬಿಕೆ.

"ನಾಳೆ ನಾನು ಬರಾಕಾಗಲ್ಲ. ನಂಗೆ ಹರ್ನಿಯಾ ಆಗೈತೆ!"

ಇಡೀ ವಾರ್ಡು ತಿರುಗಿ ನೋಡಿತು. ಇನ್ನೇನು ಬೈಗುಳ ಬರುತ್ತದೆ ಎಂದು ರೇವಣಸಿದ್ದಯ್ಯ ಕಣ್ಣು ಮುಚ್ಚಿಕೊಂಡ.

"ಯಾವ ಕಡೆ?" ಎಂದು ಗುಂಡಯ್ಯ ಪಿಸುಗುಟ್ಟಿದ.

"ಬಲಗಡೆ."

"ನಂದು ಎಡಗಡೆ. ಆರು ವರ್ಷ ಆಯ್ತು. ಮಠದಲ್ಲಿ ಯಾರ್ಗೂ ಹೇಳ್ಬ್ಯಾಡಿ. ಡಾಕ್ಟ್ರು ನಂಬರ್ ಕಳ್ಸಿ."

"ಹೆಣ್ಮಗಳು ಡಾಕ್ಟ್ರು."

ಗುಂಡಯ್ಯ ಬಹಳ ಹೊತ್ತು ಯೋಚಿಸಿದ. "ಆಗ್ಲಿ ಬುಡಿ, ಕಳ್ಸಿ. ಅದಿರ್ಲಿ, ನಾಳೆ ಹಿಟ್ಟು?"

"ಶಿವಮೂರ್ತಿ ತಿರುವ್ತಾನೆ" ಎಂದ ರೇವಣಸಿದ್ದಯ್ಯ. ಆ ಮೂರು ಪದ ಹೇಳುವುದಕ್ಕೆ ಹರ್ನಿಯಾ ಎನ್ನುವುದಕ್ಕಿಂತ ಹೆಚ್ಚು ಕಷ್ಟವಾಯಿತು. ಎರಡೇ ಪದವೆಂದು ಎಣಿಸುವವರು ಎಣಿಸಿಕೊಳ್ಳಲಿ, ಅವನಿಗೆ ಮೂರರಷ್ಟು ಭಾರವಾಗಿತ್ತು.

ಭಾನುವಾರ ಅವನು ಹೆಂಡತಿಯ ಮಂಚದ ಪಕ್ಕ ಕೂತೇ ಇದ್ದ. ಹನ್ನೊಂದಕ್ಕೆ ನೀರು ಕುದಿಯುತ್ತಿರಬೇಕು, ಹನ್ನೆರಡಕ್ಕೆ ಹಿಟ್ಟು ಬಿದ್ದಿರಬೇಕು ಎಂದು ಗಡಿಯಾರ ನೋಡಿ ನೋಡಿ ಬೆವರಿದ. ಗಂಟು ಗಂಟಾದ ಮುದ್ದೆ ಕಂಡು ಜನ ಎಲೆ ಬಿಟ್ಟೆದ್ದು, ಎಲ್ಲಿ ರೇವಣಸಿದ್ದಯ್ಯ ಎಂದು ಕೂಗುತ್ತಿರುವಂತೆ ಕಲ್ಪಿಸಿಕೊಂಡ. ಪಾಪ, ಅದರಲ್ಲಿ ಅವನಿಗೆ ಸ್ವಲ್ಪ ಸುಖವೂ ಇತ್ತು.

ಸಂಜೆ ನಾಲ್ಕಕ್ಕೆ ಶಿವಮೂರ್ತಿ ಸ್ಟೀಲ್ ಕ್ಯಾರಿಯರ್ ಹಿಡಿದು ಬಂದ. ಮುದ್ದೆ, ಸಾರು. ಮುದ್ದೆ ನುಂಗುವ ಪದಾರ್ಥ, ಅಗಿಯುವುದಲ್ಲ. ಆದರೆ ರೇವಣಸಿದ್ದಯ್ಯ ಅಂದು ಒಂದೊಂದು ತುತ್ತನ್ನೂ ನಾಲಿಗೆಯ ಮೇಲೆ ಹೊರಳಿಸಿ, ಹಲ್ಲಿನಲ್ಲಿ ಹುಡುಕಿದ. ಸಾಸಿವೆಯಷ್ಟೂ ಗಂಟಿರಲಿಲ್ಲ.

"ಚೆನ್ನಾಗೈತೆ ಕಣ್ಲಾ" ಎಂದ. ಆಮೇಲೆ, ಕೈ ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿಕೊಂಡು, "ಯಾರಾದ್ರೂ ಕೇಳಿದ್ರಾ? ನಾನ್ಯಾಕೆ ಬಂದಿಲ್ಲ ಅಂತ?"

ಶಿವಮೂರ್ತಿ ತಲೆ ಕೆರೆದುಕೊಂಡ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಎಲ್ರೂ ಸಾರಿಗೆ ಇನ್ನೊಂದ್ ಸೌಟು ಕೇಳಿದ್ರು ಯಜಮಾನ್ರೇ."

ಅವನು ಹೋದ ಮೇಲೆ ರೇವಣಸಿದ್ದಯ್ಯ ಕಿಟಕಿಯ ಬಳಿ ನಿಂತುಕೊಂಡ. ಕಣ್ಣು ತೇವವಾಗಿತ್ತು.

"ಎರಡು ಸಾವ್ರ ಜನ ಕಣೇ. ಒಬ್ರೂ ಕೇಳಿಲ್ವಂತೆ."

ಕರಿಬಸಮ್ಮ ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ.

"ಒಂದಿನ ಕೇಳ್ಲಿಲ್ಲ ಅಂತ ಇಷ್ಟು ಉರೀತದಾ ನಿಮಗೆ? ನಾಕು ವರ್ಷ ಒಂದೇ ಮನೇಲಿ ಇದ್ದೀವಿ. ಬಗ್ಗುವಾಗೆಲ್ಲ ನಾನು ಕೈ ಒತ್ಕಂಡೇ ಬಗ್ತಿದ್ದೆ. ಯಾಕೆ ಅಂತ ಕೇಳಿದ್ರಾ?"

ರೇವಣಸಿದ್ದಯ್ಯ ಕಿಟಕಿ ಬಿಟ್ಟು ಬಂದು ಸ್ಟೂಲಿನ ಮೇಲೆ ಕೂತ. ಮೆಲ್ಲಗೆ ಕೇಳಿದ.

"ಈಗ ನೋಯ್ತದಾ?"

ಅವಳು ಹಣ್ಣು ಸುಲಿಯುವುದನ್ನು ನಿಲ್ಲಿಸಿ ಗಂಡನ ಮುಖವನ್ನು ಅನುಮಾನದಿಂದ ನೋಡಿದಳು. "ಹೊಲಿಗೆ ಹಾಕಿರೋ ತಾವ ಮಾತ್ರಾನಾ, ಇಲ್ಲ ಎಲ್ಲೆಲ್ಲಿ ನೋಯ್ತದೋ ಎಲ್ಲಾನೂ ಹೇಳ್ಬೇಕಾ?"

ಅವನು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

"ಎಲ್ಲಾನೂ ಹೇಳು."

ಕರಿಬಸಮ್ಮ ಒಂದು ತೊಳೆ ಬಾಯಿಗೆ ಹಾಕಿಕೊಂಡು, ಎಡಗಾಲಿನ ಮಂಡಿಯಿಂದ ಶುರುಮಾಡಿದಳು.